ನಂಬರು ಹಾಕಿದ ಇಟ್ಟಿಗೆಗಳು

ವೆನಿಯಾಮಿನ್ ಮಕಾರೊವಿಚ್ ನಡೆಯುವಾಗ ಅವರ ಬಲಭುಜ ಎಡಭುಜಕ್ಕಿಂತ ಮೂರು ಬೆರಳು ಕೆಳಗಿರುತ್ತದೆ. ಬರಿಗೈಯಲ್ಲಿದ್ದಾಗಲೂ ಅಷ್ಟೇ. ಐವತ್ತು ವರ್ಷ ಒಂದೇ ಕೈಯಲ್ಲಿ ಇಟ್ಟಿಗೆಯ ಚೀಲ ಹಿಡಿದು ರಷ್ಯಾದ ಪೆರ್ಮ್ ನಗರದ ಏರು ತಗ್ಗುಗಳನ್ನೆಲ್ಲ ಅಳೆದ ದೇಹವದು; ಚೀಲವಿಲ್ಲದ ದಿನವೂ ಚೀಲದ ನೆನಪನ್ನು ಹೊತ್ತು ಒಂದು ಮಗ್ಗುಲಿಗೆ ವಾಲಿಯೇ ಸಾಗುತ್ತದೆ. ದೃಷ್ಟಿ ಸದಾ ನೆಲದ ಮೇಲೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರು ಬೆನ್ನಿಗೆ ಅಡಿಪಟ್ಟಿ ತಾಗಿಸಿ "ತಲೆ ಎತ್ತಿ ನಡೆಯಿರಿ" ಎಂದು ಕಲಿಸಿದ್ದರು. ಇವರನ್ನು ಕಂಡ ಮೇಲೆ ನನಗೆ ತಿಳಿಯಿತು, ತಲೆ ಎತ್ತಿ ನಡೆದವರಿಗೆ ಸಿಗುವುದು ಆಕಾಶವೊಂದೇ, ಅದನ್ನು ಯಾರೂ ಮನೆಗೆ ಹೊತ್ತು ತಂದದ್ದಿಲ್ಲ.

ಟ್ರಾಮ್ ಡಿಪೋದಲ್ಲಿ ವಿದ್ಯುತ್ತಿನ ಕೆಲಸ ಮಾಡಿ ನಿವೃತ್ತರಾದ ಈ ಎಪ್ಪತ್ತೊಂದರ ಮನುಷ್ಯ ಇಟ್ಟಿಗೆ ಸಂಗ್ರಹಿಸುತ್ತಾರೆ. ಚಕ್ರವರ್ತಿಗಳ ಕಾಲದ ಇಟ್ಟಿಗೆ; ಭಟ್ಟಿಯ ಯಜಮಾನನ ಹೆಸರಿನ ಮೊದಲಕ್ಷರಗಳನ್ನು ಬೆನ್ನಮೇಲೆ ಒತ್ತಿಸಿಕೊಂಡು, ವ್ಯಾಪಾರಿಗಳ ಮಹಲುಗಳಲ್ಲೋ ಕುದುರೆಲಾಯಗಳಲ್ಲೋ ಶತಮಾನ ಕಳೆದು, ಒಂದು ಬೆಳಗ್ಗೆ ಯಂತ್ರದ ಹಲ್ಲಿಗೆ ಸಿಕ್ಕಿ ಬೀದಿಗೆ ಬಿದ್ದವು. ಅವರದೊಂದು ಹಟದ ನೇಮವಿದೆ: ಒಂದು ಮನೆಗೆ ಒಂದೇ ಇಟ್ಟಿಗೆ. ಎರಡನೆಯದು ಎಷ್ಟೇ ಚೆಂದವಾಗಿದ್ದರೂ ಮುಟ್ಟುವುದಿಲ್ಲ. ಕೊಳ್ಳುವುದಿಲ್ಲ, ಮಾರುವುದಿಲ್ಲ, ವಿನಿಮಯವೂ ಇಲ್ಲ. ಕಾಮಾ ನದಿಯ ದಂಡೆಯಲ್ಲೇ ಹುಟ್ಟಿ ಬೆಳೆದೂ ಇಷ್ಟು ನಿಷ್ಕಾಮರಾದ ಇನ್ನೊಬ್ಬರನ್ನು ನಾನು ಈ ಊರಿನ ಇಪ್ಪತ್ತಮೂರು ವರ್ಷಗಳಲ್ಲಿ ಕಂಡಿಲ್ಲ.

ಅವರ ಕೋಟಿನ ಒಳಜೇಬುಗಳಿಗೆ ಹೆಂಡತಿ ಜೋಯಾ ತಿಖೋನೊವ್ನಾ ಟಾರ್ಪಾಲಿನ ಒಳಪದರ ಹೊಲಿದುಕೊಟ್ಟಿದ್ದಾರೆ. ಪ್ರೀತಿಯಿಂದಲ್ಲ, ಚೀಲ ಮರೆತ ದಿನ ಇಟ್ಟಿಗೆ ತುರುಕಿ ಹರಿದ ಜೇಬನ್ನು ಮತ್ತೆ ಮತ್ತೆ ಹೊಲಿದು ಬೇಸತ್ತು. ಎಡಜೇಬಿನಲ್ಲಿ ಬ್ರಷ್ಷು, ಬಲಜೇಬಿನಲ್ಲಿ ಚಾಕೊಲೇಟು. ಬ್ರಷ್ಷು ಇಟ್ಟಿಗೆಯ ಧೂಳಿಗೆ, ಚಾಕೊಲೇಟು ಮನೆ ಕೆಡವುವವರ ಮೇಸ್ತ್ರಿಗೆ. ಅನುಮತಿಯಿಲ್ಲದೆ ಒಂದು ಚೂರನ್ನೂ ಅವರು ಎತ್ತಿದವರಲ್ಲ. ಒಮ್ಮೆ ಜೊತೆಗೆ ಹೋಗಿದ್ದೆ. ಗುಡ್ಡದಂತೆ ಬಿದ್ದ ಅವಶೇಷದ ಮುಂದೆ ಇವರು ಅರ್ಧ ಗಂಟೆ ನಿಂತದ್ದನ್ನು ಕಂಡು ಮೇಸ್ತ್ರಿ ಕೂಗಿದ:

"ಏನ್ ತಾತ, ಚಿನ್ನ ಹುಡುಕ್ತಿದ್ದೀಯಾ?"

"ಚಿನ್ನ ಇದ್ದಿದ್ರೆ ನೀನು ಇಷ್ಟೊತ್ತು ಬಿಡ್ತಿದ್ಯೇನಪ್ಪಾ? ಇಟ್ಟಿಗೆ."

"ಇಟ್ಟಿಗೇನಾ! ಒಂದು ಲಾರಿ ಕಳಿಸ್ಲಾ ಮನೆಗೆ?"

"ಒಂದು ಸಾಕು. ಅಗೋ, ಆ ಕಬ್ಬಿಣದ ಪಕ್ಕ ಅಡ್ಡ ಬಿದ್ದಿದೆಯಲ್ಲ, ಅದು."

ಕೈಗೆ ಬಂದೊಡನೆ ಬೆರಳಗಂಟಿನಿಂದ ಎರಡು ಸಲ ತಟ್ಟಿ, ಕಲ್ಲಂಗಡಿ ಆರಿಸುವವರ ಹಾಗೆ ಕಿವಿಗಿಟ್ಟು ಕೇಳಿದರು. "ಸುಮಾರಾಗಿ ಸರಿಯಾಗಿದೆ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮದುವೆಯ ದಿನ ಜೋಯಾ ಅವರನ್ನು ಕಂಡೂ ಅದನ್ನೇ ಅಂದಿದ್ದರಂತೆ. ಆಕೆ ಅದನ್ನು ಇನ್ನೂ ಮರೆತಿಲ್ಲ.

ಮನೆಗೆ ತಂದ ಇಟ್ಟಿಗೆಯ ಚಿಕ್ಕ ಮುಖದ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಯುತ್ತಾರೆ. ನೋಟುಬುಕ್ಕಿನಲ್ಲಿ ಅದೇ ನಂಬರಿನ ಮುಂದೆ ಬೀದಿ, ಮನೆ, ಕೆಡವಿದ ದಿನ. ಒಂದನೆಯ ನಂಬರು ಅವರು ಹುಟ್ಟಿದ ಮನೆಯದು. ಸೈನ್ಯದಿಂದ ಮರಳಿದಾಗ ಮನೆಯಿದ್ದಲ್ಲಿ ಬಸ್ ನಿಲ್ದಾಣವಿತ್ತು, ಚರಂಡಿಯ ಅಂಚಿನಲ್ಲಿ ಈ ಒಂದು ಇಟ್ಟಿಗೆ. ನಲವತ್ತೊಂದನೆಯದು ನನಗೆ ಅಚ್ಚುಮೆಚ್ಚು. ಹಸಿ ಇಟ್ಟಿಗೆಗಳನ್ನು ಒಣಗಲು ಹರಡಿದ್ದ ಯಾವುದೋ ಬೇಸಿಗೆಯಲ್ಲಿ ಬೆಕ್ಕೊಂದು ಅದರ ಮೇಲೆ ನಡೆದುಹೋಗಿದೆ. ಯಜಮಾನನ ಮುದ್ರೆಯ ಪಕ್ಕದಲ್ಲೇ ನಾಲ್ಕು ಪುಟ್ಟ ಬೆರಳಿನ ಹೆಜ್ಜೆ. "ಯಜಮಾನ ದುಡ್ಡು ಕೊಟ್ಟು ಅಚ್ಚು ಮಾಡಿಸ್ದ. ಬೆಕ್ಕು ಬಿಟ್ಟಿ ಸಹಿ ಹಾಕ್ತು" ಎಂದು ತೋರಿಸಿದ್ದರು.

ಮುನ್ನೂರ ಹನ್ನೆರಡು ಇಟ್ಟಿಗೆಗಳು ಅವರ ಬಾಲ್ಕನಿಯಲ್ಲಿದ್ದವು. ಆ ಬಾಲ್ಕನಿಯ ನೇರ ಕೆಳಗಿನ ಬಾಲ್ಕನಿ ನನ್ನದು. ಪಾತಾಳದ ಕಡೆಯಿಂದ ಗಂಡಾಂತರ ನಿರೀಕ್ಷಿಸುವವರಿದ್ದಾರೆ. ನಾನು ಹನ್ನೊಂದು ವರ್ಷ ಮೇಲೆ ನೋಡುತ್ತಲೇ ಬಟ್ಟೆ ಒಣಗಿಸಿದೆ. ಇಟ್ಟಿಗೆಯೆಂಬುದು ಹೆಸರೇ ಹೇಳುವಂತೆ ಇಟ್ಟಲ್ಲಿ ಇರುವ ವಸ್ತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಕಳೆದ ವಸಂತದಲ್ಲಿ ಕಟ್ಟಡದ ಉಸ್ತುವಾರಿಯವರು ಬಂದು, ಬಾಲ್ಕನಿ ಖಾಲಿ ಮಾಡದಿದ್ದರೆ ನಾವೇ ಮಾಡಿಸುತ್ತೇವೆ ಎಂದು ಚೀಟಿ ಅಂಟಿಸಿ ಹೋದರು. ಮರುವಾರ ಎಲ್ಲ ಇಟ್ಟಿಗೆಗಳೂ ನದಿಯಾಚೆ ಅವರ ದಾಚಾಕ್ಕೆ, ಅಂದರೆ ತರಕಾರಿ ಮಡಿಗಳ ನಡುವಿನ ಪುಟ್ಟ ಮರದ ಮನೆಗೆ, ನನ್ನ ಕಾರಿನ ಡಿಕ್ಕಿಯಲ್ಲೇ ಹನ್ನೊಂದು ಸರದಿಯಲ್ಲಿ ವರ್ಗವಾದವು. ಅಲ್ಲಿನ ಸ್ನಾನದ ಮನೆಯ ಹಿಂದೆ ಟಾರ್ಪಾಲಿನ ಅಡಿ, ಒಂದರಿಂದ ಮುನ್ನೂರ ಹನ್ನೆರಡರವರೆಗೆ ಸಾಲಾಗಿ ಅವರು ಜೋಡಿಸಿಟ್ಟರು. ಆಮೇಲೆ ಮಂಡಿಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿ, ಅಲ್ಲಿಂದ ಆರೋಗ್ಯಧಾಮಕ್ಕೆ ಹೋದರು.

ಅವರು ಮರಳುವ ಹಿಂದಿನ ದಿನ ಜೋಯಾ ತಿಖೋನೊವ್ನಾ ನನ್ನ ಬಾಗಿಲು ತಟ್ಟಿದರು. ಮುಖ ಬಿಳಿಚಿತ್ತು.

"ನನ್ನ ತಮ್ಮ ಇದ್ದಾನಲ್ಲಮ್ಮಾ, ಯೆಫೀಮ್, ಒಲೆ ಕಟ್ಟೋನು..."

"ಏನಾಯ್ತು ಅವರಿಗೆ?"

"ಅವನಿಗೇನಾಗತ್ತೆ, ಗೂಳಿ ಹಂಗಿದಾನೆ! ಇಷ್ಟು ವರ್ಷ ದೂರದ ಊರುಗಳಲ್ಲಿದ್ದೋನು, ಈಗ ಬಂದು ಭಾವ ಬರೋ ಹೊತ್ತಿಗೆ ಖುಷಿ ಪಡಿಸ್ತೀನಿ ಅಂತ ದಾಚಾಕ್ಕೆ ಹೋಗಿ ಸ್ನಾನದ ಮನೆ ಒಲೆ ಹೊಸದಾಗಿ ಕಟ್ಟಿದಾನೆ."

"ಒಳ್ಳೇದೇ ಆಯ್ತಲ್ಲ."

"ಯಾವ ಇಟ್ಟಿಗೇಲಿ ಅಂತ ಕೇಳು."

ನಾನು ಕೇಳಲಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ಕುಳಿತು ಜಾಮು ಬೆರೆಸಿದ ಚಹಾ ಕುಡಿದೆವು, ಸಾವಿನ ಮನೆಯಲ್ಲಿ ಕುಡಿದ ಹಾಗೆ. ನೋಟುಬುಕ್ಕಿನ ಆ ಮನೆಗಳಲ್ಲಿ ಒಂದೂ ಈಗ ನೆಲದ ಮೇಲಿಲ್ಲ. ಕೆಲವಕ್ಕೆ ಛಾಯಾಚಿತ್ರವೂ ಇಲ್ಲ. ಅವು ಇದ್ದವು ಎನ್ನುವುದಕ್ಕೆ ಈ ಊರಿನಲ್ಲಿ ಉಳಿದಿದ್ದ ಸಾಕ್ಷಿ ಈ ಒಂದೊಂದು ಇಟ್ಟಿಗೆ. ಆ ಸಾಕ್ಷಿ ಸುಳ್ಳಾದರೆ ಮುದುಕನ ಐವತ್ತು ವರ್ಷವೂ ಸುಳ್ಳು. "ಅವರ ಹೃದಯ ಮೊದಲೇ ಸರಿ ಇಲ್ಲ. ನೀನೂ ಬಾ. ಹೊರಗಿನವರ ಮುಂದೆ ಕಿರುಚಾಡಲ್ಲ ಅವರು" ಎಂದರು ಜೋಯಾ. ಇಪ್ಪತ್ತಮೂರು ವರ್ಷದ ಬಳಿಕವೂ ಹೊರಗಿನವಳಾಗಿರುವುದರಿಂದ ಒಂದು ಪ್ರಯೋಜನವಾಯಿತಲ್ಲ ಎಂದುಕೊಂಡೆ.

ಮರುದಿನ ವೆನಿಯಾಮಿನ್ ಮಕಾರೊವಿಚ್ ಮನೆಗೆ ಬಂದ ಮೇಲೆ, ದಾಚಾಕ್ಕೆ ಹೊರಡುವ ಮುನ್ನ, ಇಲ್ಲಿನ ವಾಡಿಕೆಯಂತೆ, ಮೂವರೂ ಹಜಾರದಲ್ಲಿ ಒಂದು ನಿಮಿಷ ಮೌನವಾಗಿ ಕುಳಿತೆವು. ಹೇಳುವುದಾದರೆ ಆಗಲೇ ಹೇಳಬೇಕಿತ್ತು. ಜೋಯಾ ಬಾಯಿ ತೆರೆದು, "ಛತ್ರಿ ತಗೊಂಡ್ರಾ?" ಎಂದರು. ಸೇತುವೆ ದಾಟುವಾಗ ಇನ್ನೊಮ್ಮೆ ಪ್ರಯತ್ನಿಸಿ, ಈ ವರ್ಷ ಸೌತೆಕಾಯಿ ಚೆನ್ನಾಗಿ ಬಂದಿದೆ ಎಂಬಲ್ಲಿಗೆ ಮುಗಿಸಿದರು.

ದಾಚಾದ ಗೇಟಿನಲ್ಲಿ ಯೆಫೀಮ್ ಹಲ್ಲು ಕಿರಿದು ನಿಂತಿದ್ದ. ಅವನ ಹಿಂದೆ ಸ್ನಾನದ ಮನೆಯ ಚಿಮಣಿಯಿಂದ ಹೊಗೆ ನೆಟ್ಟಗೆ ಏರುತ್ತಿತ್ತು. "ಬನ್ನಿ ಭಾವ! ಹೊಸ ಮಂಡಿಗೆ ಹೊಸ ಒಲೆ!" ಎಂದು ತೋಳು ಹಿಡಿದು ಒಳಗೆ ನಡೆಸಿದ. ವೆನಿಯಾಮಿನ್ ಮಕಾರೊವಿಚ್ ಒಲೆಯನ್ನು ನೋಡಿದರು. ಆಳೆತ್ತರದ, ಕೆಂಪಗಿನ, ಅಚ್ಚುಕಟ್ಟಾದ ಒಲೆ. ಕಿಟಕಿಯಿಂದ ಹೊರಗೆ, ಸೊರಗಿ ಕುಸಿದ ಟಾರ್ಪಾಲನ್ನು ನೋಡಿದರು. ಊರುಗೋಲನ್ನು ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕುಳಿತರು. ಜೋಯಾ ನನ್ನ ಮಣಿಕಟ್ಟು ಹಿಡಿದುಕೊಂಡರು.

ವೆನಿಯಾಮಿನ್ ಮಕಾರೊವಿಚ್ ಕೇಳಿದರು: "ಸಿಮೆಂಟು ಹಾಕಿದ್ಯಾ?"

ಯೆಫೀಮನಿಗೆ ಅವಮಾನವಾಯಿತು. "ಒಲೆಗೆ ಸಿಮೆಂಟಾ? ನನ್ನನ್ನೇನು ಗ್ಯಾರೇಜ್ ಕಟ್ಟೋನು ಅಂದ್ಕೊಂಡ್ರಾ? ಮಣ್ಣು! ಜರಡಿ ಹಿಡಿದ ಜೇಡಿಮಣ್ಣು. ನೀರು ಹಾಕಿದ್ರೆ ಕರಗತ್ತೆ."

"ಎಷ್ಟು ಒಡೆದೆ?"

"ಒಂದೂ ಇಲ್ಲ. ತುಂಡು ಬೇಕಾದ ಕಡೆಗೆ ಅಂಗಡಿಯಿಂದ ಹೊಸ ಇಟ್ಟಿಗೆ ತಂದೆ. ನಂಬರ್ ಹಾಕಿದ್ದನ್ನ ಯಾರಾದ್ರೂ ಒಡೀತಾರಾ?"

"ನಂಬರು ನೋಡಿದ್ಯಾ?"

"ನೋಡದೆ! ಹಳೇ ಒಲೆ ಬಿಚ್ಚಿ ತಂದು ಮತ್ತೆ ಹಂಗೇ ಕಟ್ಟೋಕೆ ನಂಬರ್ ಬರೀತಾರಲ್ಲ, ನಾವೆಲ್ಲ ಮಾಡೋದೇ ಅದು. ನೀವು ಎಲ್ಲಿಂದಲೋ ಒಳ್ಳೇ ಒಲೆ ಕೊಂಡು ತಂದಿದೀರ, ಕಾಲು ನೋವಲ್ಲಿ ಕಟ್ಟೋಕಾಗಿಲ್ಲ ಅಂದ್ಕೊಂಡೆ. ಒಂದ್ರಿಂದ ಶುರು ಮಾಡಿ ಸಾಲು ತಪ್ಪದೆ ಇನ್ನೂರ ಮೂವತ್ತಾರರವರೆಗೆ ಇಟ್ಟೆ. ಆದ್ರೆ ಭಾವ, ಬೇಜಾರ್ ಮಾಡ್ಕೋಬೇಡಿ, ಒಂದಕ್ಕೊಂದು ಅಳತೇನೇ ಕೂಡಲಿಲ್ಲ. ಇದನ್ನ ಮೊದಲು ಕಟ್ಟಿದ್ದ ಒಲೆಗಾರ ಮಹಾ ಕತ್ತೆ! ಒಂದು ವಾರ ಅವನ ವಂಶಾನೆಲ್ಲ ಬೈದಿದೀನಿ."

ವೆನಿಯಾಮಿನ್ ಮಕಾರೊವಿಚ್‌ರ ಭುಜಗಳು ಅಲುಗಿದವು. ಜೋಯಾ ಹೃದಯವೇ ನಿಂತಿತೆಂದು ಮಾತ್ರೆಯ ಡಬ್ಬಿಗೆ ಕೈ ಹಾಕಿದರು. ಅವರು ನಗುತ್ತಿದ್ದರು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು, ಒಂದು ಮಗ್ಗುಲಿಗೆ ವಾಲಿ ನಕ್ಕರು. "ಒಂದು ಎಲ್ಲಿದೆ?" ಎಂದರು. ಯೆಫೀಮ್ ಬಾಗಿಲ ಪಕ್ಕದ ಬುಡದ ಮೂಲೆಯನ್ನು ಕಾಲಿನಿಂದ ತೋರಿಸಿದ. "ನಲವತ್ತೊಂದು?" ಮೂರನೆಯ ಸಾಲಿನಲ್ಲಿ ಒಂದು ಇಟ್ಟಿಗೆಯನ್ನು ಅಡ್ಡಮಗ್ಗುಲಾಗಿ ನಿಲ್ಲಿಸಿ, ಬೆಕ್ಕಿನ ಹೆಜ್ಜೆಯ ಮುಖವನ್ನು ಹೊರಗಿಟ್ಟಿದ್ದ. "ಅಕ್ಕನಿಗೆ ಬೆಕ್ಕು ಅಂದ್ರೆ ಇಷ್ಟ ಅಲ್ವಾ" ಎಂದ. ಮಣ್ಣುಪಾಲಾದವೆಂದು ನಾವು ಅತ್ತ ಇಟ್ಟಿಗೆಗಳು ಮಣ್ಣುಪಾಲಾಗಿದ್ದರಿಂದಲೇ ಉಳಿದಿದ್ದವು. ಬೇಕೆಂದಾಗ ಒಂದು ಬಕೆಟ್ ನೀರು ಸಾಕು.

ಆ ಮಧ್ಯಾಹ್ನ, ಇಲ್ಲಿನ ಹಬೆಸ್ನಾನದ ಕ್ರಮದಂತೆ, ಗಂಡಸರು ಬರ್ಚ್ ಎಲೆಯ ಕಟ್ಟಿನಿಂದ ಒಬ್ಬರನ್ನೊಬ್ಬರು ಬಡಿದುಕೊಂಡು ಹಬೆಯಲ್ಲಿ ಬೆಂದರು. ಆಮೇಲೆ ಜೋಯಾ ಮತ್ತು ನಾನು. ಹೊರಬಂದವರಿಗೆ "ಹಬೆ ಹಗುರವಾಗಿರಲಿ" ಎಂದು ಹರಸುವುದು ಇಲ್ಲಿನ ರೂಢಿ. ಅಂದಿನಷ್ಟು ಹಗುರವಾದ ಹಬೆಯನ್ನು ನಾನು ಕಂಡಿಲ್ಲ. ಸೌತೆಕಾಯಿ ಹೆಚ್ಚಿದ ತಣ್ಣನೆಯ ಸಾರು, ಕಚ್ಚಿದರೆ ರಸ ಚಿಮ್ಮುವ ಮಾಂಸದ ಕಡುಬು. ಎರಡನೆಯ ಬಟ್ಟಲಿಗೆ ಬಂದಾಗ ಜೋಯಾ ಧೈರ್ಯ ಮಾಡಿ ಗಂಡನನ್ನು ಕೇಳಿದರು:

"ವೇನ್ಯಾ, ಯಾವಾಗ ಬಿಚ್ಚಿಸ್ತೀರಿ?"

"ಏನನ್ನ?"

"ಒಲೇನ."

ಅವರು ರೊಟ್ಟಿಯಿಂದ ಬಟ್ಟಲನ್ನು ಒರೆಸಿ ತಿಂದರು. "ಐವತ್ತು ವರ್ಷದಿಂದ ಮನೆ ಇಲ್ದೆ ಬಾಲ್ಕನೀಲಿ ಬಿದ್ದಿದ್ವು, ಜೋಯಾ. ಈಗೊಂದು ಮನೆ ಸಿಕ್ಕಿದೆ. ಬೆಚ್ಚಗಿದಾವೆ, ಇರ್ಲಿ ಬಿಡು."

"ಬೆಂಕಿಗೆ ಹಾಳಾದ್ರೆ?"

"ಬೆಂಕೀಲೇ ಹುಟ್ಟಿದ್ದು ಅವು." ಭಾವಮೈದುನನ ಕಡೆ ತಿರುಗಿದರು. "ಉಳಿದ ಎಪ್ಪತ್ತಾರಕ್ಕೆ ಏನಾದ್ರೂ ಯೋಚನೆ ಮಾಡು."

ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ಸವೆದ ನಾಣ್ಯ, ಒಡೆದ ಬಾಗಿಲಹಿಡಿ, ಹಳೆಯ ಟಿಕೇಟು, ಊರು ಉದುರಿಸಿಕೊಂಡು ಮುಂದೆ ಹೋದದ್ದನ್ನೆಲ್ಲ ಹಿಂದಿನಿಂದ ಬಂದು ಎತ್ತಿಕೊಳ್ಳುವವರು. ಅವರದು ಆಸೆಬುರುಕತನವೆಂದು ನಾವು ನಗುತ್ತೇವೆ, ಹೆಂಡಂದಿರು ಗೊಣಗುತ್ತಾರೆ, ಕೆಳಗಿನ ಮಹಡಿಯವರು ಮೇಲೆ ನೋಡುತ್ತಾರೆ. ಅವರ ಎದೆಯಲ್ಲಿರುವುದು ಆಸೆಗಿಂತ ಹೆಚ್ಚಾಗಿ ಗಾಬರಿ: ನಾನು ಮರೆತರೆ ಇದನ್ನು ನೆನಪಿಡುವವರು ಯಾರೂ ಇಲ್ಲವಲ್ಲ ಎಂಬ ಗಾಬರಿ. ತಾವು ಕಾವಲುಗಾರರೆಂದು ನಂಬಿ ಅವರು ಬಾಳೆಲ್ಲ ನಿಂತೇ ಇರುತ್ತಾರೆ. ಆದರೆ ಯಾವ ಕಾವಲುಗಾರನೂ ಒಳಗೊಳಗೇ ಕಾಯುವುದು ತನ್ನ ಪಾಳಿ ಬಿಡಿಸುವವರಿಗಾಗಿ. ಬೇರೊಂದು ಕೈ, ಏನೆಂದು ಅರಿಯದೆಯೇ ಆಗಲಿ, ಸಾಲು ತಪ್ಪಿಸದೆ ಎತ್ತಿಟ್ಟಿತೆಂದು ಕಂಡ ದಿನ ಅವರು ನಿಶ್ಚಿಂತೆಯಿಂದ ಕೂರುತ್ತಾರೆ, ಮತ್ತು ಇನ್ನೊಂದು ಬಟ್ಟಲು ಸಾರು ಕೇಳುತ್ತಾರೆ.