ಕೆಂಪು ಟೇಪಿನ ಸ್ವಿಚ್ಚು

ಝುನೈರಾಳ ಪರೀಕ್ಷೆಗೆ ಇನ್ನು ಆರು ದಿನ ಉಳಿದಿತ್ತು. ವಿಷಯ, ಅಮೆರಿಕದ ಸರ್ಕಾರ ಮತ್ತು ಸಂವಿಧಾನ. ಸೌದಿಯ ಖತೀಫಿನಲ್ಲಿ ಮೀನಿನ ಸಗಟು ಅಂಗಡಿ ಇಟ್ಟಿರುವ ಭಟ್ಕಳದ ಮುನೀಬ್ ಸಾಹೇಬರ ಮಗಳು ಅದನ್ನು ಯಾಕೆ ಓದಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಅವಳ ಶಾಲೆಯದು ಅಮೆರಿಕದ ಪಠ್ಯಕ್ರಮ, ಅಷ್ಟೆ. ನಾನು ಆ ಅಂಗಡಿಯಲ್ಲಿ ಬಿಲ್ ಮಾಡುವವನು. ಮಂಗಳೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮಾಡಿದವನೆಂದು ಸಾಹೇಬರಿಗೆ ತಿಳಿದ ಮೇಲೆ, ಸಂಜೆಯ ಅಸರ್ ನಮಾಝ್ ಮುಗಿಸಿ ಅಂಗಡಿಯ ಮೇಲಿನ ಮನೆಗೆ ಹೋಗಿ ಪಾಠ ಹೇಳುವುದೂ ನನ್ನ ಕೆಲಸವಾಯಿತು.

ಅವಳು ರಟ್ಟಿನ ಚೀಟಿಗಳ ಒಂದು ಬದಿಗೆ ತತ್ವ, ಇನ್ನೊಂದು ಬದಿಗೆ ಉದಾಹರಣೆ ಬರೆದುಕೊಳ್ಳುತ್ತಿದ್ದಳು. ಅಧಿಕಾರ ವಿಭಜನೆ ಮುಗಿದಿತ್ತು, ಒಕ್ಕೂಟ ವ್ಯವಸ್ಥೆ ಮುಗಿದಿತ್ತು. ಆ ದಿನದ ಚೀಟಿಯಲ್ಲಿ, ಯಾರಿಂದಲೂ ಏನನ್ನೂ ಕಿತ್ತುಕೊಳ್ಳುವ ಮೊದಲು ನ್ಯಾಯವಾದ ಕ್ರಮ ಅನುಸರಿಸಬೇಕು ಎಂಬ ತತ್ವವಿತ್ತು.

"ಆರೋಪ ಏನೆಂದು ಮೊದಲು ತಿಳಿಸಬೇಕು. ಅವನ ಮಾತು ಕೇಳಬೇಕು. ಆಮೇಲೆ ತೀರ್ಮಾನ" ಎಂದೆ.

"ಹಾಗಾದ್ರೆ ಅಂಗಡಿಯ ಚನಿಯ ಅಂಕಲ್‌ದು ಬರೀಬಹುದಾ ಸರ್? ಕೆಲಸದಿಂದ ತೆಗೆಯುವ ಮೊದಲು ಅವರನ್ನು ಯಾರೂ ಕೇಳಲೇ ಇಲ್ಲ."

"ಅದು ಬರುವುದಿಲ್ಲ. ಅದು ಅಂಗಡಿಯವರು ಮಾಡಿದ್ದು. ಸಂವಿಧಾನದ ಈ ಮಾತು ಸರ್ಕಾರಕ್ಕೆ ಮಾತ್ರ."

ಉತ್ತರ ಸರಿಯಾಗಿಯೇ ಇತ್ತು. ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಸಿಗುತ್ತಿತ್ತು.

ಅಂಗಡಿಯ ಬಾಗಿಲ ಪಕ್ಕದ ಹಲಗೆಯಲ್ಲಿ ಒಂಬತ್ತು ಸ್ವಿಚ್ಚುಗಳಿವೆ. ಮೀನಿಡುವ ಕೋಲ್ಡ್ ರೂಮಿನದಕ್ಕೆ ಕೆಂಪು ಟೇಪ್ ಸುತ್ತಿದೆ, ಯಾರೂ ಮುಟ್ಟದಿರಲಿ ಎಂದು. ಶುಕ್ರವಾರ ಜುಮಾ ನಮಾಝಿಗೆ ಹೊರಟವರಲ್ಲಿ ಕೊನೆಯವನು ಮುಂದಿನ ದೀಪಗಳನ್ನೆಲ್ಲ ಆರಿಸಬೇಕು. ನಮಾಝಿಗೆ ಬರುವವನಲ್ಲದ ಚನಿಯ ಹಿಂದಿನ ಭಾಗದಲ್ಲಿ ನೆಲ ತೊಳೆದು, ಹಿಂಬಾಗಿಲಿಗೆ ಬೀಗ ಹಾಕಿ ಪಕ್ಕದ ದಮ್ಮಾಮಿನ ಗೆಳೆಯರ ರೂಮಿಗೆ ಹೋಗುತ್ತಾನೆ. ಮತ್ತೆ ಅಂಗಡಿ ತೆರೆಯುವುದು ಶನಿವಾರವೇ. ಇದೆಲ್ಲ ಶುರುವಾದ ಆ ಶುಕ್ರವಾರ ಕೊನೆಯವನು ನಾನು. ಮಸೀದಿಯಲ್ಲಿ ಖುತುಬಾದ ಪ್ರವಚನ ಶುರುವಾಗಿದ್ದು ಕೇಳಿಸುತ್ತಿತ್ತು. ಅವಸರದಲ್ಲಿ ಅಂಗೈಯಿಂದ ಇಡೀ ಸಾಲನ್ನು ಕೆಳಗೆಳೆದು ಆರಿಸಿ ಓಡಿದೆ.

ಶನಿವಾರ ಮೊದಲು ಬಂದವನೂ ನಾನೇ. ಕೋಲ್ಡ್ ರೂಮಿನ ಬಾಗಿಲಡಿಯಿಂದ ಕೆಂಪು ನೀರು ಹರಿದು ಬಂದಿತ್ತು, ಒಳಗಿನ ಮೀನೆಲ್ಲ ಕೆಟ್ಟಿತ್ತು. ನಾನು ಕೆಂಪು ಟೇಪಿನ ಸ್ವಿಚ್ಚನ್ನು ಮೇಲೆತ್ತಿ ಆನ್ ಮಾಡಿದೆ. ಆಮೇಲೆಯೇ ಸಾಹೇಬರಿಗೆ ಫೋನ್ ಮಾಡಿದೆ. ಕೊನೆಗೆ ಬೀಗ ಹಾಕಿದವನು ಚನಿಯ, ಕೋಲ್ಡ್ ರೂಮಿನ ಬಾಗಿಲು ಸರಿಯಾಗಿ ಹಾಕಿಲ್ಲ ಎಂದು ಅವರೇ ತೀರ್ಮಾನಿಸಿದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸುಳ್ಳು ಹೇಳಿಲ್ಲ ಎಂದು ಹತ್ತು ದಿನ ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಅವನಿಗೆ ದೇಶ ಬಿಟ್ಟು ಹೋಗುವ ಫೈನಲ್ ಎಕ್ಸಿಟ್ ಹಾಕಿ, ಊರಿಗೆ ಟಿಕೆಟ್ಟೂ ಮಾಡಿಯಾಗಿತ್ತು. ಆ ಪಾಠದ ಮರುದಿನ ಬೆಳಿಗ್ಗೆಯೇ ವಿಮಾನ.

ಬಾಗಿಲು ತಟ್ಟಿದ ಸದ್ದಾಯಿತು. ಅಂಗಡಿಯ ಕೀಲಿ ಒಪ್ಪಿಸಲು ಚನಿಯ ಬಂದಿದ್ದ. ಒಳಕೋಣೆಯಿಂದ ಸಾಹೇಬರೂ ಬಂದರು.

"ಅಂಕಲ್, ಕೋಲ್ಡ್ ರೂಮಿನ ಬಾಗಿಲು ತೆರೆದಿಟ್ಟದ್ದು ನೀವಾ?" ಝುನೈರಾ ನೇರವಾಗಿ ಕೇಳಿದಳು.

"ಇಲ್ಲ ಮಗಾ. ಎಳೆದು ನೋಡಿಯೇ ಹೋದದ್ದು ನಾನು."

"ಆಯ್ತು ಚನಿಯ, ಮುಗಿದದ್ದು ಮುಗೀತು" ಎಂದರು ಸಾಹೇಬರು. "ಇವಳಿಗೆ ಪರೀಕ್ಷೆಯ ಮಂಡೆಬಿಸಿ. ಕಂಡಕಂಡವರನ್ನೆಲ್ಲ ಕೋರ್ಟಿಗೆ ಎಳೀತಾಳೆ."

ಚನಿಯ ನಕ್ಕ. ಚಪ್ಪಲಿ ಮೆಟ್ಟುತ್ತ ನನ್ನತ್ತ ತಿರುಗಿ, "ಮಾಷ್ಟ್ರೇ, ಊರಿಗೆ ಎಂತಾದ್ರೂ ಕಳಿಸ್ಲಿಕ್ಕುಂಟಾ? ನನ್ನ ಪೆಟ್ಟಿಗೆಯಲ್ಲಿ ಜಾಗ ಉಂಟು. ನಿಮ್ಮ ಉಮ್ಮನ ಕೈಗೇ ಮುಟ್ಟಿಸ್ತೇನೆ" ಎಂದ.

ನಾನು ಬೇಡವೆಂದು ತಲೆಯಲ್ಲಾಡಿಸಿದೆ. ಅವನು ಮೆಟ್ಟಿಲಿಳಿಯುವ ಸದ್ದು ಪೂರ್ತಿ ನಿಂತ ಮೇಲೆ ನನ್ನ ಬಾಯಿ ತೆರೆಯಿತು.

"ಸಾಹೇಬರೇ, ಸ್ವಿಚ್ಚು ಆಫ್ ಮಾಡಿದ್ದು ನಾನು."

"ಗೊತ್ತುಂಟು ಮಾರಾಯ. ಬಾಗಿಲ ಮೇಲೆ ಕ್ಯಾಮೆರಾ ಉಂಟಲ್ಲ." ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. "ಯಾರು ಮಾಡಿದ್ದು ಹೇಳು, ಅವನನ್ನು ಊರಿಗೆ ಕಳಿಸು ಅಂತ ನಮಗೆಲ್ಲ ವೀಸಾ ಕೊಟ್ಟ ಕಫೀಲ್ ಕೂತಿದ್ದ. ಒಂದು ಹೆಸರು ಕೊಡಬೇಕಿತ್ತು. ನಿನ್ನ ಹೆಸರು ಕೊಟ್ಟರೆ ಇವಳಿಗೆ ಹೇಳಿಕೊಡುವವರು ಯಾರು? ನೆಲ ಒರೆಸ್ಲಿಕ್ಕೆ ಬೇರೆಯವರು ಸಿಗ್ತಾರೆ. ಕೂತ್ಕೋ, ಪಾಠ ಮಾಡು."

ನಾನು ಕೂತೆ. ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಕಾಲು ಮಡಚಿ, ಮುಂದಿನ ಚೀಟಿಯನ್ನು ಕೈಗೂ ಎತ್ತಿಕೊಂಡಿದ್ದೆ.

ಝುನೈರಾ ಅದನ್ನು ನನ್ನ ಬೆರಳುಗಳಿಂದ ಮೆಲ್ಲನೆ ಬಿಡಿಸಿಕೊಂಡಳು. ಅವಳ ಮುಖ ಕಿವಿಯವರೆಗೂ ಕೆಂಪಾಗಿತ್ತು. ಎಲ್ಲ ಚೀಟಿಗಳನ್ನೂ ಒಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿದಳು.

"ಉಳಿದದ್ದು ನಾನೇ ಓದ್ಕೊಳ್ತೇನೆ ಅಬ್ಬಾ. ನನಗೆ ಸರ್ ಬೇಡ. ಇನ್ನು ನೀವು ಕಫೀಲ್‌ಗೆ ಸರಿಯಾದ ಹೆಸರು ಹೇಳಬಹುದಲ್ಲ?"

ಸಾಹೇಬರು ಮಗಳ ಕಡೆ ನೋಡಿದರು. ಬೈಯಲಿಲ್ಲ. ಫೋನನ್ನು ತೆಗೆದು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿದರು.

"ಈಗ ಹೇಳಿದ್ರೆ ಅವನ ಎಕ್ಸಿಟ್ ನಿಲ್ಲಿಸಬಹುದು, ಹೋಗುವವನು ನೀನಾಗ್ತಿ. ನೀನು ಎಂತ ಹೇಳ್ತಿ ಸುಹೈಬ್?"

ಕೊನೆಗೆ ನಾನು "ಹೇಳಿ" ಎಂದೆ. ಅವರು ಫೋನ್ ಮಾಡಿದರು. ಚನಿಯ ಮರುದಿನ ಹೋಗಲಿಲ್ಲ. ಆದರೆ ಆ ಒಂದು ಮಾತು ಬರುವ ಮೊದಲು ಕೋಣೆಯ ಏಸಿ ಒಮ್ಮೆ ನಿಂತು, ಸುಮ್ಮನಿದ್ದು, ಮತ್ತೆ ಶುರುವಾಗಿತ್ತು. ಅಷ್ಟೂ ಹೊತ್ತು ಝುನೈರಾ ನನ್ನನ್ನೇ ನೋಡುತ್ತಿದ್ದಳು.