ಕೆಚ್ಚಿದ ಎರಡು ವರ್ಷ

ಗುಳೇದಗುಡ್ಡದ ಆ ಓಣಿಯಲ್ಲಿ ಮಗ್ಗ ಸುಮ್ಮನಾಯಿತೆಂದರೆ ನೆರೆಯವರು ಬಾಗಿಲಿಗೆ ಬಂದು ಇಣುಕುತ್ತಾರೆ. ಅವತ್ತೂ ಸಕ್ರವ್ವ ಬಂದಳು.

"ಏನ್ರಿ ಸಾಬರ, ಮುಂಜಾನಿಂದ ಮಗ್ಗದ ಸಪ್ಪಳನ ಇಲ್ಲ. ಎಲ್ಲಾರೂ ಆರಾಮ ಅದೀರಿಲ್ಲೊ?"

"ಆರಾಮ ಅದೇವಿ. ಮೊಮ್ಮಗಳ ಇಂಟರ್‌ವ್ಯೂ ಐತಿ," ಎಂದರು ಮುರ್ತುಜಸಾಬ, ದನಿ ತಗ್ಗಿಸಿ.

"ಎಲ್ಲಿ?"

"ಇಲ್ಲೇ, ಲ್ಯಾಪ್‌ಟಾಪಿನ್ಯಾಗ. ಮೂರು ಮಂದಿ ಪ್ರೊಫೆಸರು ಬರ್ತಾರ."

"ಹಂಗಾರ ಚಾ ಮಾಡೂದು ತಪ್ಪಿತು ಬಿಡ್ರಿ," ಎಂದು ಸಕ್ರವ್ವ ಸೆರಗಿನ ಮರೆಯಲ್ಲಿ ನಕ್ಕು ಹೋದಳು.

ಮೊಮ್ಮಗಳು ತಬಸುಮ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುವವಳು. ದೊಡ್ಡ ಪ್ರಯೋಗಾಲಯವೊಂದರಲ್ಲಿ ಒಂದು ವರ್ಷದ ಕೆಲಸಕ್ಕೆ ಒಂದೇ ಜಾಗವಿತ್ತು. ಹಿಂದಿನ ದಿನ ಅರ್ಜಿಯಲ್ಲಿ ಬರೆದಿದ್ದ ತನ್ನ ಓದಿನ ವಿವರವನ್ನು ಅಜ್ಜನಿಗೆ ಓದಿ ಹೇಳಿದ್ದಳು: ಬಾದಾಮಿಯಲ್ಲಿ ಹೈಸ್ಕೂಲು, ಬಾಗಲಕೋಟೆಯಲ್ಲಿ ಬಿ.ಎಸ್ಸಿ., ಧಾರವಾಡದಲ್ಲಿ ಎಂ.ಎಸ್ಸಿ., ಈಗ ಅಲ್ಲೇ ಪಿಎಚ್.ಡಿ. ಮುರ್ತುಜಸಾಬರಿಗೆ ಓದು ಅಷ್ಟಕ್ಕಷ್ಟೇ. ಕೇಳಿದ್ದನ್ನು ಮಾತ್ರ ಮರೆಯುತ್ತಿರಲಿಲ್ಲ.

"ಬಾಗಲಕೋಟಿಗೂ ಧಾರವಾಡಕ್ಕೂ ನಡುವ ಎರಡು ವರ್ಷ ಎಲ್ಲಿ ಹೋದುವು, ಬೇಟಾ?"

"ಅದು ಬ್ಯಾಡ ದಾದಾ. ಮಗ್ಗದಾಗ ಕುಂತಿದ್ದೆ ಅಂದ್ರ ಸಾಲಿ ಬಿಟ್ಟಾಕಿ ಅಂತಾರ."

ಅಜ್ಜನ ಕಣ್ಣಿಗೆ ಪೊರೆ ಬಂದಿದ್ದ ವರ್ಷಗಳವು. ಮಗ್ಗದಲ್ಲಿ ಮುಗಿದ ಹಾಸಿನ, ಅಂದರೆ ಉದ್ದೆಳೆಗಳ, ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವುದಕ್ಕೆ ಕೆಚ್ಚುವುದು ಅನ್ನುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು ಸಾವಿರಾರು ಎಳೆ ಕೆಚ್ಚಿದವಳು ತಬಸುಮ. ಮನೆ ನಡೆದದ್ದೇ ಆ ಬೆರಳುಗಳಿಂದ.

ಇಂಟರ್‌ವ್ಯೂ ಶುರುವಾಯಿತು. ಮುರ್ತುಜಸಾಬರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕಿವಿಗೊಟ್ಟು ಕೂತರು. ಆ ಇಂಗ್ಲಿಷಿನಲ್ಲಿ ಅವರಿಗೆ ಸಿಕ್ಕಿದ್ದು ಊರ ಹೆಸರುಗಳಷ್ಟೇ. ಬಾದಾಮಿ ಬಂತು, ಬಾಗಲಕೋಟೆ ಬಂತು. ಆಮೇಲೆ ಒಂದು ಹೆಣ್ಣು ದನಿ ಏನೋ ಕೇಳಿತು. ತಬಸುಮಳ ಮಾತು ನಿಂತುಬಿಟ್ಟಿತು. ಧಾರವಾಡ ಬರಲೇ ಇಲ್ಲ.

ಎಳೆ ಎಲ್ಲಿ ಕಡಿಯಿತೆಂದು ಮುದುಕನಿಗೆ ಗೊತ್ತಾಯಿತು. ನಡುವೆ ಬಾಯಿ ಹಾಕುವಂತಿರಲಿಲ್ಲ. ಮಗ್ಗದ ಹಗ್ಗ ಹಿಡಿದು ಒಮ್ಮೆ ಜಗ್ಗಿದರು. ಲಾಳಿ ಖಟಕ್ಕನೆ ಓಡಿತು.

ತಬಸುಮ ಕಣ್ಣು ಬಿಟ್ಟು ತಿರುಗಿ ನೋಡಿದಳು. ಬೈಗುಳ ಖಂಡಿತ ಅಂದುಕೊಂಡರು ಅಜ್ಜ. ಅವಳು ನಕ್ಕಳು. ಲ್ಯಾಪ್‌ಟಾಪು ಎತ್ತಿಕೊಂಡು ಮಗ್ಗದ ಹತ್ತಿರವೇ ಬಂದಳು. ಬೆರಳಿಗೆ ಬೂದಿ ಸವರಿ ಎರಡು ಎಳೆಗಳ ತುದಿಗಳನ್ನು ಹೊಸೆದು, ಎಳೆದು ತೋರಿಸಿದಳು. ಆಮೇಲೆ ಅವಳ ಮಾತು ನಿಲ್ಲಲೇ ಇಲ್ಲ.

ಮುಗಿದ ಮೇಲೆ ಕೇಳಿದರು: "ಏನ ಹೇಳಿದಿ ಅವರಿಗೆ?"

"ಲ್ಯಾಬಿನ್ಯಾಗ ಕೂದಲಕಿಂತ ಸಣ್ಣ ಬಂಗಾರದ ತಂತಿ ಇರತಾವ ದಾದಾ. ಅಕ್ಕಿಕಾಳಿನಷ್ಟು ಹರಳಿನ ಚೂರಿಗೆ ನಾಕು ತಂತಿ ಕೈಲೇ ಅಂಟಸಬೇಕು. ಭಾಳ ಮಂದೀವು ಕಿತ್ತು ಬರತಾವ, ನನ್ನವು ನಿಲ್ಲತಾವ. ಯಾಕಂತ ಇವತ್ತ ಹೇಳಿದೆ."

"ಅವರೇನಂದ್ರು?"

"ವಿವರದಾಗ ಇದನ್ನ ಯಾಕ ಬರದಿಲ್ಲ, ಬರದು ಇವತ್ತೇ ಕಳಸು ಅಂದ್ರು."

ಹತ್ತನೆಯ ದಿನ ಜಾಗ ಅವಳಿಗೇ ಅಂತ ಮೇಲ್ ಬಂತು. ಮುರ್ತುಜಸಾಬರು ಮೇಲ್ ಬಿಟ್ಟು ವಿವರವನ್ನೇ ಮತ್ತೆ ಓದಿಸಿದರು. ಬಾದಾಮಿ. ಬಾಗಲಕೋಟೆ. ಗುಳೇದಗುಡ್ಡ, ಎರಡು ವರ್ಷ, ಎಳೆ ಕೆಚ್ಚುವ ಕೆಲಸ.

"ತಡಿ ಬೇಟಾ," ಎಂದರು. "ಅದೊಂದು ಸಾಲು ಇನ್ನೊಮ್ಮೆ ಓದು."