ಊದಿದವನ ಹೆಬ್ಬೆಟ್ಟು

"ಊದೋ ಬೋಳಿಮಗನೇ! ನಿಮ್ಮಪ್ಪನ ಗಂಟೇನಾದ್ರೂ ಹೋಗುತ್ತಾ?"

ಠಾಣೆಯ ಕಸ ಗುಡಿಸುವವನು ಕಂಕುಳಲ್ಲಿ ಪೊರಕೆ ಸಿಕ್ಕಿಸಿಕೊಂಡೇ ನಿಂತಿದ್ದ. ಆಗತಾನೇ ಬೆಳಕು ಹರಿದಿತ್ತು. ಠಾಣೆಯ ದಾಖಲೆ ಬರೆಯುವ ರೈಟರ್ ಅವನ ಮೂಗಿನ ಕೆಳಗೆ ಕುಡಿತ ಪತ್ತೆ ಹಚ್ಚುವ ಯಂತ್ರ ಹಿಡಿದಿದ್ದ. ಒಳಗೆ ಬೆಂಚಿನ ಮೇಲೆ ಸಾಹೇಬರು ಒಂದೇ ಬೂಟಿನಲ್ಲಿ ಮಗುಚಿಕೊಂಡಿದ್ದರು. ಬಾಗಿಲವರೆಗೂ ಹೆಂಡದ ನಾತ. ಅಂಗಳದಲ್ಲಿ ನಿಂತ ಜೀಪಿನ ಒಂದು ದೀಪ ಒಡೆದಿತ್ತು.

"ನಾನ್ಯಾಕೆ ಸ್ವಾಮಿ? ನಾನು ಮುಟ್ಟೋದೇ ಇಲ್ಲ."

"ಅದಕ್ಕೇ ಕಣೋ ನೀನು! ಇಡೀ ಠಾಣೇಲಿ ಕುಡೀದೆ ಇರೋ ದರಿದ್ರ ನೀನೊಬ್ನೇ."

ಪೇದೆಗಳು ನಕ್ಕರು. ಅವನೂ ನಕ್ಕ.

ಹಿಂದೆ ಮದುವೆ ಬ್ಯಾಂಡಿನಲ್ಲಿ ತುತ್ತೂರಿ ಊದಿದ ಎದೆ ಅವನದು. ಒಂದೇ ದಮ್ಮಿಗೆ ಊದಿದ. ಯಂತ್ರ ಸೊನ್ನೆ ತೋರಿಸಿ, ಸಾಹೇಬರ ಹೆಸರಿನ ಚೀಟಿ ಉಗುಳಿತು. ರೈಟರ್ ಅದನ್ನು ಮೇಜಿನ ಮೇಲಿಟ್ಟು ಫೋನಿಗೆ ತಿರುಗಿದ. ಠಾಣೆಯಲ್ಲಿ ಕಾಗದ ಎದುರಿಗೆ ಬಂತೆಂದರೆ ಹೆಬ್ಬೆಟ್ಟು ಒತ್ತುವುದು ಅವನಿಗೆ ಹದಿನಾಲ್ಕು ವರ್ಷದ ರೂಢಿ. ಹಾಜರಿಗೂ ಒತ್ತಿದ್ದ, ತಾನು ಕಾಣದ ಪಂಚನಾಮೆಗಳಿಗೂ ಒತ್ತಿದ್ದ. ಶಾಯಿಪ್ಯಾಡು ಪಕ್ಕದಲ್ಲೇ ಇತ್ತು. ಒತ್ತಿಬಿಟ್ಟ.

"ಅಯ್ಯೋ, ನಿನ್ನ ಕೈ ಸೇದಿಹೋಗ!" ರೈಟರ್ ತಲೆ ತಲೆ ಚಚ್ಚಿಕೊಂಡ. ಮತ್ತೊಮ್ಮೆ ಊದಿಸಿದರೆ ಯಂತ್ರದೊಳಗೆ ಎರಡು ಸಲ ದಾಖಲಾಗುತ್ತದೆ. ಕೊನೆಗೆ ಗುರುತಿನ ಪಕ್ಕ, 'ಸಾಹೇಬರದೇ. ಬೆರಳಿಗೆ ಪೆಟ್ಟಾಗಿ ಸಹಿ ಹಾಕಲಾಗಲಿಲ್ಲ' ಎಂದು ಗೀಚಿದ.

ಕೆಲಸ ಮುಗಿಸಿ ಮನೆಗೆ ಹೋದರೆ ಹೆಂಡತಿ ಇರಲಿಲ್ಲ. ಪಕ್ಕದ ಮನೆಯ ಅಜ್ಜಿ ಓಡಿ ಬಂದಳು. "ನಿನ್ನ ಹೆಂಡತಿಯ ಅಕ್ಕ ರಸ್ತೆ ಗುಡಿಸ್ತಿದ್ಲಂತೆ ಕಣಪ್ಪಾ. ಪೊಲೀಸ್ ಜೀಪು ಗುದ್ದಿ ಹಾಕಿದೆ."

ಅವನು ಹೊಸ್ತಿಲಲ್ಲೇ ನಿಂತು ಕೈಯನ್ನು ಅಂಗಿಗೆ ಉಜ್ಜಿದ. ಹೆಬ್ಬೆರಳಿನ ಶಾಯಿ ಇನ್ನೂ ಹೋಗಿರಲಿಲ್ಲ.

ಇಪ್ಪತ್ತು ದಿನಕ್ಕೆ ಅತ್ತಿಗೆ ಒಂದು ಕಾಲಿನವಳಾಗಿ ಅವರ ಒಂಟಿ ಕೋಣೆಗೇ ಬಂದಳು.

"ಇಳಿದು ಬಂದು ನನ್ಮೇಲೇ ಕಕ್ಕಿದ ಆ ಹಲ್ಕಾ ನನ್ಮಗ," ಅಂದಳು. "ಈಗ ನೋಡಿದ್ರೆ ಸೊನ್ನೆಯಂತೆ. ನಾನೇ ಅಡ್ಡ ಬಂದ್ನಂತೆ!"

"ಬೇರೆ ಯಾವನೋ ಊದಿದಾನೆ ಅಕ್ಕಾ. ಅವನ ಬಾಯಿಗೆ ಹುಳ ಬೀಳ," ಎಂದು ಹೆಂಡತಿ ಗಂಡನ ಕೈಗೆ ಹಾಲಿನ ಲೋಟ ಕೊಟ್ಟಳು. "ಸುಡ್ತಿದೆ. ಅಕ್ಕಂಗೆ ಊದಿ ಊದಿ ಕುಡಿಸಿ."

ಅವನು ತುಟಿ ಕೂಡಿಸಿದ. ಉಸಿರು ಎದೆಯಿಂದ ಮೇಲೆ ಬರಲಿಲ್ಲ.

"ಏನಪ್ಪಾ," ಅತ್ತಿಗೆ ನೋವಿನಲ್ಲೂ ಛೇಡಿಸಿದಳು, "ನನ್ನ ಮದುವೇಲಿ ಊರೆಲ್ಲ ಎದ್ದು ಕೂರೋ ಹಾಗೆ ಊದಿದೋನು, ಒಂದು ಲೋಟ ಹಾಲು ಆರಿಸೋಕೆ ಉಸಿರಿಲ್ವಾ?"

ಲೋಟ ಕೆಳಗಿಟ್ಟು ಹೊರಗೆ ಹೋದ.

ರಸ್ತೆ ಗುಡಿಸುವವರೆಲ್ಲ ಪೊರಕೆ ಕೆಳಗಿಟ್ಟು ಮುಷ್ಕರ ಕೂತ ಮೇಲೆ ಬಹಿರಂಗ ವಿಚಾರಣೆ ನಡೆಯಿತು. ಕುರ್ಚಿ ಜೋಡಿಸಿ ನೀರು ಕೊಡುವ ಕೆಲಸ ಅವನಿಗೇ ಬಿತ್ತು. ರೈಟರ್ ಕಿವಿಯಲ್ಲಿ ಉಸುರಿದ: "ಬಾಯಿ ಬಿಟ್ಟೆ ಅಂದ್ರೆ ಜೈಲಿಗೆ ಹೋಗೋನು ನೀನು ಕಣೋ, ಅವರಲ್ಲ. ಊದಿದ್ದು ನೀನು."

ಮುಂದಿನ ಸಾಲಿನಲ್ಲಿ ಸಾಹೇಬರು ಇಸ್ತ್ರಿ ಮುರಿಯದ ಹಾಗೆ ಕೂತಿದ್ದರು. ವಿಚಾರಣೆಯ ಅಧಿಕಾರಿ ಚೀಟಿ ಎತ್ತಿ ಹಿಡಿದರು. "ಸೊನ್ನೆ. ಬೆರಳಿಗೆ ಪೆಟ್ಟಾಗಿ ಹೆಬ್ಬೆಟ್ಟು ಒತ್ತಿದ್ದಾರೆ. ಇನ್ನೇನಮ್ಮ ನಿನ್ನ ತಕರಾರು?"

ಅತ್ತಿಗೆ ಊರುಗೋಲಿನ ಮೇಲೆ ಎದ್ದಳು. "ಆ ಬೆರಳಿಗೆ ಯಾವಾಗ ಪೆಟ್ಟಾಯ್ತು ಸ್ವಾಮಿ? ನನ್ನ ಜುಟ್ಟು ಹಿಡಿದು ಪಕ್ಕಕ್ಕೆ ಎಳೆದಾಗ ಗಟ್ಟಿಯಾಗೇ ಇತ್ತಲ್ಲ?"

"ಕೂತ್ಕೋ, ಕೂತ್ಕೋ."

ಅವಳು ಕೂರಲು ತಡಕಾಡಿದಳು. ಊರುಗೋಲು ಜಾರಿ ನೆಲಕ್ಕೆ ಬಿತ್ತು. ಸಾಹೇಬರು ಬೂಟನ್ನು ಹಿಂದಕ್ಕೆ ಎಳೆದುಕೊಂಡರು.

ಅವನು ನೀರಿನ ತಟ್ಟೆ ಇಳಿಸಿದ. ಊರುಗೋಲು ಎತ್ತಿ ಅವಳ ಕೈಗೆ ಕೊಟ್ಟ. ನೆಟ್ಟಗೆ ಅಧಿಕಾರಿಯ ಮೇಜಿಗೆ ನಡೆದು, ಹೇಳಿಕೆಗಳಿಗೆಂದು ಇಟ್ಟಿದ್ದ ಶಾಯಿಪ್ಯಾಡಿಗೆ ಹೆಬ್ಬೆರಳು ಅದ್ದಿ, ಬಿಳಿ ಮೇಜುಬಟ್ಟೆಯ ಮೇಲೆ ಒತ್ತಿದ.

"ಎರಡೂ ಪಕ್ಕಪಕ್ಕ ಇಟ್ಟು ನೋಡಿ ಸ್ವಾಮಿ. ಆ ಹೆಬ್ಬೆಟ್ಟು ನಂದು. ಆ ಉಸಿರೂ ನಂದೇ."

ರೈಟರ್ ಕುರ್ಚಿ ಉರುಳಿಸಿ ಎದ್ದ. "ಕುಡಿದಿದಾನೆ ಸಾರ್! ಅಮಲಲ್ಲಿ ಬಡಬಡಿಸ್ತಿದಾನೆ!"

"ತನ್ನಿ ಹಾಗಾದ್ರೆ ಯಂತ್ರ," ಎಂದು ಅವನು ಜನರ ಕಡೆ ತಿರುಗಿದ. "ಎಲ್ಲರ ಎದುರಿಗೇ ಊದ್ತೀನಿ."

ಮೂರನೆಯ ಸಾಲಿನಲ್ಲಿ ಹೆಂಡತಿ ಎದ್ದು ನಿಂತಿದ್ದಳು. ಅವಳು ಅವನ ಕಣ್ಣು ನೋಡುತ್ತಿರಲಿಲ್ಲ. ಬಾಯಿಯನ್ನೇ ನೋಡುತ್ತಿದ್ದಳು.